ಹದಿನಾಲ್ಕು ಸಾವಿರ ಕಿಲೋಮೀಟರ್ ಮತ್ತು ಹೊಳಲ್ಕೆರೆ ಬಸ್ಸು

ನಮ್ಮ ಕಡೆ ಯಾರನ್ನಾದರೂ ನಿಲ್ಲಿಸಿ ಇಂಥ ಊರು ಎಷ್ಟು ದೂರ ಎಂದು ಕೇಳಿದರೆ ಕಿಲೋಮೀಟರಿನಲ್ಲಿ ಉತ್ತರ ಸಿಗುವುದು ಅಪರೂಪ. "ಇಲ್ಲೇ, ಕೂಗಳತೆ" ಎನ್ನುತ್ತಾರೆ. ಹಳಬರಾದರೆ ಹರದಾರಿ ಲೆಕ್ಕ ಹೇಳುತ್ತಾರೆ. ಇನ್ನು ಕೆಲವರು "ಎಲೆ ಅಡಿಕೆ ಹಾಕ್ಕೊಂಡು ಹೊರಟ್ರೆ ಉಗಿಯೋದ್ರೊಳಗೆ ಬರುತ್ತೆ" ಎನ್ನುತ್ತಾರೆ. ಇವೆಲ್ಲಕ್ಕಿಂತ ಪ್ರಾಮಾಣಿಕವಾದ ಉತ್ತರ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವರದು: "ಬಸ್ ಸಿಕ್ಕಿದ್ರೆ ಅರ್ಧ ಗಂಟೆ, ಸಿಗದಿದ್ರೆ ನಾಳೆ."

ನಮ್ಮ ಬಿ.ದುರ್ಗ ಹೊಳಲ್ಕೆರೆ ತಾಲ್ಲೂಕಿನ ಒಂದು ಹೋಬಳಿ. ಹೊರಗಿನವರಿಗೆ ಊರಿನ ಹೆಸರು ಹೇಳಿದರೆ ಮೊದಲಿನ 'ಬಿ' ಅವರ ಕಿವಿಗೆ ಬೀಳುವುದೇ ಇಲ್ಲ. ಕೂಡಲೇ ಏಳು ಸುತ್ತಿನ ಕೋಟೆ, ಒನಕೆ ಓಬವ್ವ ಎಂದು ಶುರು ಮಾಡುತ್ತಾರೆ. ಅದು ಚಿತ್ರದುರ್ಗ ಸ್ವಾಮಿ, ನಮ್ಮದು ಬೇರೆ ಎಂದರೆ ಕೋಟೆಯನ್ನು ನಾವೇ ಕಳೆದುಕೊಂಡೆವೇನೋ ಎಂಬಂತೆ ಮುಖ ನೋಡುತ್ತಾರೆ. ನಮ್ಮಲ್ಲಿ ಇರುವುದು ಅಡಿಕೆ ತೋಟ, ಮೆಕ್ಕೆಜೋಳದ ಹೊಲ, ಹತ್ತಿರದಲ್ಲಿ ಚಿಕ್ಕಜಾಜೂರು ಎಂಬ ರೈಲ್ವೆ ಜಂಕ್ಷನ್ನು. ಈಚೆಗೆ ಇನ್ನೊಂದು ಬೆಳೆ ಸೇರಿಕೊಂಡಿದೆ: ಮನೆಗೊಬ್ಬರಂತೆ ಇಂಜಿನಿಯರು. ಅಡಿಕೆ ಭೀಮಸಮುದ್ರದ ಮಂಡಿಗೆ ಹೋದರೆ ಇಂಜಿನಿಯರು ಕ್ಯಾಲಿಫೋರ್ನಿಯಕ್ಕೆ ಹೋಗುತ್ತಾನೆ.

ಹಾಗೆ ಹೋದವರಲ್ಲಿ ನಮ್ಮ ದೊಡ್ಡಮ್ಮನ ಮಗನೂ ಒಬ್ಬ. ಅವನು ಇರುವುದು ಫ್ರೀಮಾಂಟ್ ಎಂಬಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಿಂದ ಒಂದು ಗಂಟೆಯ ದಾರಿ. ಅವನ ಮನೆಯಲ್ಲಿ ತೊಟ್ಟಿಲು ತೂಗುವ ಹೊತ್ತು ಬಂದಾಗ ದೊಡ್ಡಮ್ಮನಿಗೆ ಪಾಸ್‌ಪೋರ್ಟು, ವೀಸಾ ಎಲ್ಲ ಆದವು. ಅದೆಲ್ಲ ಮುಗಿದ ಮೇಲೆ ಅವಳು ನನ್ನನ್ನು ಕರೆದು, ಇಷ್ಟು ದಿನ ಯಾರೂ ಕೇಳದೆ ಬಿಟ್ಟಿದ್ದ ಮೂಲ ಪ್ರಶ್ನೆಯನ್ನೇ ಕೇಳಿದಳು: "ಅಲ್ಲ ಕಣಪ್ಪ, ಆ ಊರು ಎಷ್ಟು ದೂರ ಐತೆ?"

ಫೋನು ತೆಗೆದು ಎರಡು ನಿಲ್ದಾಣಗಳ ಹೆಸರು ಕೊಟ್ಟೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 13,990 ಕಿಲೋಮೀಟರ್ ಎಂದು ಕ್ಷಣದಲ್ಲಿ ಬಂತು. ಈ ಅಂಕಿ ಹೇಳುವುದಕ್ಕೆ ಫೋನು ಯಾವ ವಿಮಾನವನ್ನೂ ಹತ್ತಬೇಕಿಲ್ಲ. ಎರಡೂ ಊರುಗಳ ಅಕ್ಷಾಂಶ, ರೇಖಾಂಶ ಮತ್ತು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿ ಮರೆತ ಸೈನ್ ಕೋಷ್ಟಕ ಇದ್ದರೆ ಸಾಕು. ಆ ಕೋಷ್ಟಕದ ಹಿರಿಯಜ್ಜನನ್ನು ಆರ್ಯಭಟ 499ರ ಹೊತ್ತಿಗೇ ಜ್ಯಾಗಳ ಪಟ್ಟಿಯಾಗಿ ಬರೆದಿಟ್ಟಿದ್ದ. ಭೂಮಿಯ ವ್ಯಾಸ 1,050 ಯೋಜನ ಎಂದೂ ಅವನೇ ಹೇಳಿದ್ದ. ಅವನಿಗಾದರೂ ಮಗನ ಮನೆಗೆ ಹೋಗುವ ತುರ್ತು ಇರಲಿಲ್ಲ.

"ಹದಿನಾಲ್ಕು ಸಾವಿರ ಕಿಲೋಮೀಟರ್ ದೊಡ್ಡಮ್ಮ" ಎಂದೆ. ಅವಳು ತಲೆ ಅಲ್ಲಾಡಿಸಿದಳು. ಅದು ಅರ್ಥವಾದ ತಲೆ ಅಲ್ಲ. ಚಿತ್ರದುರ್ಗಕ್ಕೆ ಎಷ್ಟು ಸಲ ಹೋಗಿ ಬಂದಷ್ಟು ಎಂದು ಕೇಳಿದಳು. ಮನಸ್ಸಿನಲ್ಲೇ ಭಾಗಿಸಿ, ನೂರಾರು ಸಲ ಎಂದೆ. "ಹಂಗಾದ್ರೆ ಆಗ್ಲೇ ಒಂದೆರಡು ಸಲ ಅಮೆರಿಕಕ್ಕೆ ಹೋಗಿ ಬಂದೀನಿ ಬಿಡು" ಎಂದಳು. ಆಸ್ಪತ್ರೆ, ಕೋರ್ಟು, ಮದುವೆ, ಜಾತ್ರೆ ಎಲ್ಲ ಕೂಡಿಸಿದರೆ ಅದು ಸುಳ್ಳೂ ಅಲ್ಲ.

ದಾರಿ ಯಾವ ಕಡೆ ಎಂಬುದು ಮುಂದಿನ ಪ್ರಶ್ನೆ. ಶಾಲೆಯ ಗೋಡೆಯ ಮೇಲೆ ನೇತುಹಾಕುವ ನಕ್ಷೆಯಲ್ಲಿ ಅಮೆರಿಕ ನಮ್ಮ ಎಡಕ್ಕೆ, ಪಶ್ಚಿಮದ ತುದಿಯಲ್ಲಿದೆ. ಆದ್ದರಿಂದ ವಿಮಾನ ಅರಬ್ಬೀ ಸಮುದ್ರದ ಮೇಲೆ ಪಶ್ಚಿಮಕ್ಕೆ ಹೋಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಮರ್ಕೇಟರ್ ಎಂಬಾತ 1569ರಲ್ಲಿ ಹಡಗಿನವರಿಗಾಗಿ ಮಾಡಿಕೊಟ್ಟ ನಕ್ಷೆಯ ಉಪಕಾರ ಅದು. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡುವುದಕ್ಕೆ ಉತ್ತರದ ಊರುಗಳನ್ನೆಲ್ಲ ಎಳೆದು ಹಿಗ್ಗಿಸಿದ. ನಾನು ದೊಡ್ಡಮ್ಮನ ಅಡುಗೆಮನೆಯಿಂದ ಒಂದು ದುಂಡು ಸಿಹಿಗುಂಬಳ ತಂದು, ಎರಡು ಕಡೆ ಗುಂಡುಸೂಜಿ ಚುಚ್ಚಿ, ಹೂ ಕಟ್ಟುವ ದಾರವನ್ನು ಬಿಗಿಯಾಗಿ ಎಳೆದು ತೋರಿಸಿದೆ. ದಾರ ಪಕ್ಕಕ್ಕೆ ಹೋಗಲಿಲ್ಲ, ಮೇಲಕ್ಕೆ ತೊಟ್ಟಿನ ಕಡೆಗೆ ಹತ್ತಿ ಆ ಬದಿಗೆ ಇಳಿಯಿತು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅತಿ ಹತ್ತಿರದ ದಾರಿ ಹೊರಡುವುದು ಪಶ್ಚಿಮಕ್ಕಲ್ಲ, ಉತ್ತರಕ್ಕೆ, ಅದೂ ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು. ಹಿಮಾಲಯ, ಟಿಬೆಟ್, ಸೈಬೀರಿಯ ದಾಟಿ, ಉತ್ತರದ ಮಂಜಿನ ಸಮುದ್ರದ ಅಂಚು ಮುಟ್ಟಿ, ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ.

ದೊಡ್ಡಮ್ಮ ದಾರವನ್ನೂ ಕುಂಬಳವನ್ನೂ ನೋಡಿ, "ಹಂಗಾದ್ರೆ ಕಾಶಿ ಮೇಲೆ ಹೋಗುತ್ತಾ?" ಎಂದಳು. ಆಸುಪಾಸು ಎಂದೆ. ಅಮೆರಿಕದ ಬಗ್ಗೆ ಅವಳಿಗೆ ಗೌರವ ಹುಟ್ಟಿದ್ದು ಅಲ್ಲಿಂದಲೇ. ಕುಂಬಳಕಾಯಿ ಸಂಜೆ ಪಲ್ಯವಾಯಿತು.

ಆದರೆ ದಾರ ಎಳೆದಷ್ಟು ಸುಲಭವಾಗಿ ವಿಮಾನ ಎಳೆಯಲು ಬರುವುದಿಲ್ಲ. ಟಿಬೆಟಿನ ಪ್ರಸ್ಥಭೂಮಿ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರ. ವಿಮಾನದ ಒಳಗಿನ ಗಾಳಿಯ ಒತ್ತಡ ಅಕಸ್ಮಾತ್ ಇಳಿದರೆ ಪೈಲಟ್ ಕೂಡಲೇ ಹತ್ತು ಸಾವಿರ ಅಡಿಗೆ, ಅಂದರೆ ಸುಮಾರು ಮೂರು ಸಾವಿರ ಮೀಟರಿಗೆ ಇಳಿಸಬೇಕು. ಅಲ್ಲಿಗಾದರೆ ಜನ ಉಸಿರಾಡಿಕೊಂಡು ಇರಬಹುದು. ನೆಲವೇ ಅದಕ್ಕಿಂತ ಎತ್ತರದಲ್ಲಿರುವ ಜಾಗದಲ್ಲಿ ಇಳಿಯುವುದು ಎಲ್ಲಿಗೆ? ಆದ್ದರಿಂದ ದೊಡ್ಡ ವಿಮಾನಗಳು ಸಾಮಾನ್ಯವಾಗಿ ಟಿಬೆಟನ್ನು ಬಳಸಿಕೊಂಡು ಹೋಗುತ್ತವೆ. ಹತ್ತಿರದ ದಾರಿಯಲ್ಲಿ ಗೌಡರ ಹೊಲ ಅಡ್ಡ ಇದ್ದರೆ ನಾವು ಬದುವಿನ ಮೇಲೆ ಸುತ್ತಿ ಹೋಗುವುದಿಲ್ಲವೇ.

ಇನ್ನು ಗಾಳಿ. ನೆಲದಿಂದ ಒಂಬತ್ತು ಹತ್ತು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿಯ ಹೊಳೆಗಳಿವೆ. ಚಳಿಗಾಲದಲ್ಲಿ ಅವುಗಳ ವೇಗ ಗಂಟೆಗೆ 200 ಕಿಲೋಮೀಟರನ್ನೂ ದಾಟುತ್ತದೆ. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ನೋಡುತ್ತ ಬೆಳೆದ ನಮ್ಮ ಜಿಲ್ಲೆಯವರಿಗೆ ಗಾಳಿಯ ಬಲ ಹೊಸದಲ್ಲ. ಆದರೂ ಗಾಳಿ ಲೆಕ್ಕವನ್ನು ಎಷ್ಟು ಬುಡಮೇಲು ಮಾಡುತ್ತದೆ ಎಂಬುದಕ್ಕೆ 2016ರ ಅಕ್ಟೋಬರಿನ ಒಂದು ಸಂಗತಿ ಹೇಳಬೇಕು. ಅಲ್ಲಿಯವರೆಗೆ ಏರ್ ಇಂಡಿಯಾದ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. ಆ ತಿಂಗಳು ಅದು ಪೂರ್ವಕ್ಕೆ ತಿರುಗಿ ಪೆಸಿಫಿಕ್ ಸಾಗರದ ಮೇಲೆ ಹೋಯಿತು. ದೂರ ಸುಮಾರು 1,400 ಕಿಲೋಮೀಟರ್ ಹೆಚ್ಚಾಗಿ 15,300ಕ್ಕೆ ಮುಟ್ಟಿತು. ಹೊತ್ತು ಮಾತ್ರ ಸುಮಾರು ಎರಡು ಗಂಟೆ ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಬೆನ್ನಿಗೆ ಗಾಳಿ ಇದ್ದರೆ ದೂರದ ದಾರಿಯೇ ಬೇಗ. ಹೊಳಲ್ಕೆರೆಯಿಂದ ಬೆಂಗಳೂರಿಗೆ ಹೊಸದುರ್ಗದ ಮೇಲೆ ಹೋಗುವುದೋ ಚಿತ್ರದುರ್ಗಕ್ಕೆ ಬಂದು ಹೆದ್ದಾರಿ ಹಿಡಿಯುವುದೋ ಎಂದು ನಮ್ಮ ಕಾರ್ ಡ್ರೈವರುಗಳು ಟೀ ಅಂಗಡಿಯಲ್ಲಿ ವರ್ಷಗಟ್ಟಲೆ ನಡೆಸಿರುವ ವಾದಕ್ಕೆ ಇಷ್ಟು ಘನತೆ ಇದೆ ಎಂದು ಆಗ ತಿಳಿಯಿತು.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವೆ ಎಲ್ಲೂ ನಿಲ್ಲದ ಮೊದಲ ವಿಮಾನ ಹಾರಿದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾದ ಬೋಯಿಂಗ್ 777. ಅದನ್ನು ನಡೆಸಿದವರು ನಾಲ್ವರೂ ಹೆಣ್ಣುಮಕ್ಕಳು: ಕ್ಯಾಪ್ಟನ್‌ಗಳಾದ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವರೆ ಮತ್ತು ಶಿವಾನಿ ಮನ್ಹಾಸ್. ಉತ್ತರ ಧ್ರುವದ ದಾರಿಯಲ್ಲಿ ಹದಿನೇಳು ಗಂಟೆ. ಆ ವಿಮಾನದ ಟ್ಯಾಂಕುಗಳು ಹಿಡಿಯುವ ಇಂಧನ ಸುಮಾರು 1 ಲಕ್ಷ 80 ಸಾವಿರ ಲೀಟರ್. ಈ ಅಂಕಿಯನ್ನು ನಮ್ಮೂರಿನಲ್ಲಿ ಹೇಳಿದಾಗ ಟ್ರ್ಯಾಕ್ಟರ್ ಇಟ್ಟುಕೊಂಡ ಒಬ್ಬರು ಬಹಳ ಹೊತ್ತು ಮಾತಾಡಲಿಲ್ಲ. ಧ್ರುವದ ಮೇಲೆ ಹೊರಗಿನ ಚಳಿಗೆ ಇಂಧನ ಗಟ್ಟಿಯಾಗುವ ಭಯ ಇರುತ್ತದೆ. ಸಾಮಾನ್ಯ ಜೆಟ್ ಇಂಧನ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೆಪ್ಪುಗಟ್ಟಲು ತೊಡಗುತ್ತದೆ. ಅದಕ್ಕೇ ಪೈಲಟ್‌ಗಳು ಇಂಧನದ ಉಷ್ಣತೆಯನ್ನು ಮಗುವಿನ ಜ್ವರ ನೋಡಿದಂತೆ ನೋಡುತ್ತಿರುತ್ತಾರೆ. ಎಲ್ಲಾದರೂ ಇಳಿಯಬೇಕಾಗಿ ಬಂದರೆ ಹಾಕಿಕೊಳ್ಳಲು ಧ್ರುವದ ಚಳಿಗೆ ಹೊಲಿದ ಉಡುಪುಗಳೂ ವಿಮಾನದಲ್ಲಿ ಇರುತ್ತವೆ. "ನಮಗೂ ಕೊಡ್ತಾರಾ?" ಎಂದಳು ದೊಡ್ಡಮ್ಮ. ಸಿಬ್ಬಂದಿಗೆ ಮಾತ್ರ ಎಂದು ತಿಳಿದ ಮೇಲೆ ಇನ್ನೊಂದು ಸ್ವೆಟರು ಪೆಟ್ಟಿಗೆಗೆ ಬಿತ್ತು.

ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟದ್ದು ಜನವರಿ 9, ಶನಿವಾರ ರಾತ್ರಿ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಲ್ಲಿ ಇಳಿದದ್ದು 11, ಸೋಮವಾರ ಬೆಳಗಿನ ಜಾವ. ಹಾರಿದ್ದು ಹದಿನೇಳು ಗಂಟೆ, ಕ್ಯಾಲೆಂಡರಿನಲ್ಲಿ ಮಾತ್ರ ಇಡೀ ಭಾನುವಾರ ಕಾಣೆ. ಅಮೆರಿಕದಿಂದ ಬರುವವರೆಲ್ಲ ಹೀಗೆ ಒಂದು ರಜೆಯನ್ನು ಆಕಾಶದಲ್ಲಿ ಕೊಟ್ಟು ಬರುತ್ತಾರೆ. ಹೋಗುವಾಗ ಇದರ ತಿರುಗುಮುರುಗು. ಚಳಿಗಾಲದಲ್ಲಿ ಬೆಂಗಳೂರಿನ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೊಗಿಂತ ಹದಿಮೂರೂವರೆ ಗಂಟೆ ಮುಂದೆ. ಇಲ್ಲಿ ಸೋಮವಾರ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ ಅಲ್ಲಿ ಇಳಿಯುವುದು ಅದೇ ಸೋಮವಾರ ಸಂಜೆ ನಾಲ್ಕೂವರೆಗೆ. ಬರೀ ಗಡಿಯಾರ ನೋಡುವವರಿಗೆ ಎರಡೂವರೆ ಗಂಟೆಯ ಪ್ರಯಾಣ. ಬಿ.ದುರ್ಗದಿಂದ ಬೆಂಗಳೂರಿಗೆ ಅಷ್ಟು ಬೇಗ ಹೋದವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ದೊಡ್ಡಮ್ಮನಿಗೆ ಧ್ರುವದ ದಾರಿಯ ಮೇಲೆ ಮನಸ್ಸಾಗಿತ್ತು. ಆದರೆ ಅವಳ ಮಗ ತೆಗೆದ ಟಿಕೆಟ್ ದುಬೈ ಮೇಲೆ. ನೇರ ವಿಮಾನದ ಟಿಕೆಟ್ಟು ದುಬಾರಿಯಾಗಿತ್ತು. ಬೆಂಗಳೂರಿನಿಂದ ದುಬೈಗೆ ಸುಮಾರು 2,700, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 13,000, ಒಟ್ಟು 15,700 ಕಿಲೋಮೀಟರ್. ಫ್ರಾಂಕ್‌ಫರ್ಟ್ ಮೇಲೆ ಹೋದರೆ 7,400 ಮತ್ತು 9,150, ಒಟ್ಟು ಹದಿನಾರೂವರೆ ಸಾವಿರದ ಆಸುಪಾಸು. ಜರ್ಮನಿ ಕಂಡವರಿಗೆ ಜರ್ಮನಿ, ಮರಳುಗಾಡು ಕಂಡವರಿಗೆ ಮರಳುಗಾಡು. ಎರಡೂ ಕಡೆ ಕಾಣುವುದು ಒಂದೇ: ಗಾಜಿನ ಗೋಡೆ, ಉದ್ದನೆಯ ಕಾರಿಡಾರು, ಕಾಫಿಗೆ ನಮ್ಮೂರಿನ ಕೂಲಿಯಷ್ಟು ಬೆಲೆ.

ಆಕಾಶಕ್ಕೂ ಬೇಲಿ ಇದೆ ಎಂಬುದು ಈಚಿನ ವರ್ಷಗಳಲ್ಲಿ ಎಲ್ಲರಿಗೂ ಗೊತ್ತಾಗಿದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭಾರತದ ವಿಮಾನಗಳಿಗೆ ತೆರೆದೇ ಇತ್ತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ತೆರೆದ ಆಕಾಶವೂ ಒಮ್ಮೊಮ್ಮೆ ಎಲ್ಲಿಗೋ ಒಯ್ಯುತ್ತದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನವೊಂದು ಇಂಜಿನ್ನಿನ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಹೆಸರೇ ಕೇಳದ ಆ ಊರಿನಲ್ಲಿ ಉಳಿದು, ಇನ್ನೊಂದು ವಿಮಾನ ಬಂದ ಮೇಲೆ 8ನೇ ತಾರೀಖು ಸ್ಯಾನ್ ಫ್ರಾನ್ಸಿಸ್ಕೊ ತಲುಪಿದರು. ಇದನ್ನು ದೊಡ್ಡಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ರೊಟ್ಟಿಯ ಗಂಟು ಇನ್ನಷ್ಟು ದಪ್ಪವಾಗುತ್ತಿತ್ತು.

ವಿಮಾನಕ್ಕೂ ನಮ್ಮ ಜಿಲ್ಲೆಗೂ ಸಂಬಂಧವೇ ಇಲ್ಲ ಎಂದು ಮಾತ್ರ ಯಾರೂ ತಿಳಿಯಬಾರದು. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ ಇದೆ. 2017ರ ಮೇ 28ರಂದು ಉದ್ಘಾಟನೆಯಾಯಿತು. ಅಲ್ಲಿ ಒಳ್ಳೆಯ ರನ್‌ವೇ ಇದೆ, ನಿಯಂತ್ರಣ ಗೋಪುರ ಇದೆ. ಇಲ್ಲದಿರುವುದು ಟಿಕೆಟ್ ಕೌಂಟರ್ ಒಂದೇ. ಅಲ್ಲಿ ಹಾರುವ ಬಹುಪಾಲು ವಿಮಾನಗಳಲ್ಲಿ ಜನರೇ ಇರುವುದಿಲ್ಲ. ಮನುಷ್ಯರಿಲ್ಲದೆ ಹಾರುವ ತಾಪಸ್ ವಿಮಾನ 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲದಲ್ಲಿ ಬಿದ್ದಿತು. ಯಾರಿಗೂ ಏನೂ ಆಗಲಿಲ್ಲ. ಸುತ್ತಲ ಹಳ್ಳಿಯವರು ನೆರೆದು, ವಿಮಾನವನ್ನು ಇಷ್ಟು ಹತ್ತಿರದಿಂದ, ಅದೂ ದುಡ್ಡಿಲ್ಲದೆ ನೋಡಿದರು. ಇಸ್ರೋ ಸಂಸ್ಥೆ ಮರುಬಳಕೆಯ ರಾಕೆಟ್ ವಾಹನ ಇಳಿಸುವ ಪರೀಕ್ಷೆಗೂ ಇದೇ ಜಾಗವನ್ನು ಆರಿಸಿತು. 2023ರ ಏಪ್ರಿಲ್ 2ರಂದು, ಆಮೇಲೆ 2024ರಲ್ಲಿ ಪುಷ್ಪಕ್ ಎಂಬ ಹೆಸರಿನಲ್ಲಿ ಎರಡು ಸಲ, ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. ಪುಷ್ಪಕ ವಿಮಾನ ನಮ್ಮ ಜಿಲ್ಲೆಯಲ್ಲೇ ಇಳಿಯುತ್ತಿರುವಾಗ ನಾವು ದೇವನಹಳ್ಳಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಾದದ್ದು ಏನು ಕರ್ಮವೋ.

ಆ ಪರೀಕ್ಷಾ ವಲಯ ಇರುವ ಕಾವಲು ಹಿಂದೆ ಅಮೃತಮಹಲ್ ದನಗಳ ಹುಲ್ಲುಗಾವಲು. ಅವು ಮೈಸೂರು ಸೈನ್ಯದ ಸಾಮಾನು ಎಳೆಯುತ್ತಿದ್ದ ಎತ್ತುಗಳು. ಚಿದಂಬರಕ್ಕೆ ನೆರವಾಗಲು ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಬೋಯಿಂಗ್ ವಿಮಾನ ಆ ನೂರು ಮೈಲಿಯನ್ನು ಹನ್ನೊಂದು ನಿಮಿಷದಲ್ಲಿ ದಾಟುತ್ತದೆ. ಎತ್ತಿನ ಕಾಲ ಕಳೆದು ವಿಮಾನದ ಕಾಲ ಬಂತು, ಜಾಗ ಅದೇ ಇದೆ.

ಹೊರಡುವ ವಾರ ಬಂತು. ಎರಡು ಪೆಟ್ಟಿಗೆ, ಒಂದೊಂದಕ್ಕೆ 23 ಕೆ.ಜಿ. ಮಿತಿ. ನಮ್ಮೂರಿನಲ್ಲಿ ತೂಕಕ್ಕೆ ಕೊರತೆ ಇಲ್ಲ, ಮನೆಮನೆಗೂ ಅಡಿಕೆ ತೂಗುವ ಯಂತ್ರ ಇದೆ. ಕ್ವಿಂಟಲ್ ಲೆಕ್ಕದಲ್ಲಿ ಚೀಲಗಳನ್ನು ಹೊತ್ತು ಅಭ್ಯಾಸವಾದ ಆ ಯಂತ್ರದ ಮೇಲೆ ಪೆಟ್ಟಿಗೆಗಳನ್ನು ಇಟ್ಟು, ಶೇಂಗಾ ಚಟ್ನಿಪುಡಿ ಹಾಕುವುದು, ಸೀರೆ ತೆಗೆಯುವುದು, ಮತ್ತೆ ಸೀರೆ ಹಾಕಿ ಖಡಕ್ ರೊಟ್ಟಿ ತೆಗೆಯುವುದು ನಡೆಯಿತು. ಒಂದು ಹಂತದಲ್ಲಿ ನೋಡಲು ಬಂದ ನೆಂಟರೊಬ್ಬರು ಅಭ್ಯಾಸಬಲದಿಂದ "ಎಷ್ಟಕ್ಕೆ ಹೋಯ್ತು?" ಎಂದರು. ಹಸಿ ಹಣ್ಣು, ಬಿತ್ತನೆ ಬೀಜ ಒಯ್ಯುವ ಹಾಗಿಲ್ಲ ಎಂದು ಮಗ ಫೋನಿನಲ್ಲಿ ಹೇಳಿದಾಗ ದೊಡ್ಡಮ್ಮ ಅವರೆಕಾಳಿನ ಗಂಟನ್ನು ಮನಸ್ಸಿಲ್ಲದೆ ಬಿಚ್ಚಿದಳು. "ಅವ್ರ ದೇಶದಲ್ಲಿ ಅವರೆ ಹುಟ್ಟಿದ್ರೆ ಅವ್ರಿಗೇನು ನಷ್ಟ?" ಎಂಬುದು ಅವಳ ಪ್ರಶ್ನೆ. ಇದಕ್ಕೆ ಯಾವ ರಾಯಭಾರ ಕಚೇರಿಯೂ ಉತ್ತರ ಕೊಡಲಾರದು.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಹಿರಿಯರ ದಾರಿಯಲ್ಲಿ ಕನ್ನಡದಲ್ಲಿ ಮೊದಲ ಮೈಲಿಗಲ್ಲು ನೆಟ್ಟವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಅವರ 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ನಂತರ ಹೋಗಿ ಬಂದವರಿಗೆ ಲೆಕ್ಕವಿಲ್ಲ. ಎಲ್ಲರೂ ಪುಸ್ತಕ ಬರೆಯದಿದ್ದುದು ಅಕಾಡೆಮಿಯ ಪುಣ್ಯ. ಆದರೆ ಜಗಲಿಯ ಮೇಲೆ ಕೂತು ಹೇಳುವ ಕಥೆಗಳಲ್ಲಿ ಎಲ್ಲರದೂ ಒಂದೇ ಅಧ್ಯಾಯ ಬಹಳ ಉದ್ದ: ಹೋದ ದಾರಿ. ಅಲ್ಲಿ ಕಂಡ ಸೇತುವೆ, ಜಲಪಾತ ಎಲ್ಲ ಎರಡು ಮಾತಿನಲ್ಲಿ ಮುಗಿಯುತ್ತವೆ. ದೇವನಹಳ್ಳಿಯಲ್ಲಿ ಬೆಲ್ಟು, ಬಳೆ ಬಿಚ್ಚಿಸಿದ್ದು ಮಾತ್ರ ಅರ್ಧ ಗಂಟೆ.

ಆ ದೇವನಹಳ್ಳಿಗೆ ಹೋಗುವುದೇ ನಮಗೆ ದೊಡ್ಡ ಯಾತ್ರೆ. 2008ರ ಮೇ ತಿಂಗಳಲ್ಲಿ ಅಲ್ಲಿ ವಿಮಾನ ನಿಲ್ದಾಣ ಶುರುವಾದಾಗ ಬೆಂಗಳೂರಿನವರು ದೂರವಾಯಿತು ಎಂದು ಗೊಣಗಿದರು. ನಮಗೆ ಅದು ಬೆಂಗಳೂರಿನ ಒಳಗೆ ಹೋಗದೆ ತಪ್ಪಿಸಿಕೊಳ್ಳುವ ಸುಖ. ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಇನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ರೈಲಿನಲ್ಲಿ ಹೋಗುತ್ತೇವೆ ಎಂದರೆ ಚಿಕ್ಕಜಾಜೂರಿನಿಂದ ಬೀರೂರು, ಅರಸೀಕೆರೆ ಸುತ್ತಿಕೊಂಡು ಹೋಗಬೇಕು. ದಾವಣಗೆರೆಯಿಂದ ಚಿತ್ರದುರ್ಗ, ಹಿರಿಯೂರು, ಶಿರಾ ಮೇಲೆ ತುಮಕೂರಿಗೆ ನೇರ ರೈಲುಮಾರ್ಗ, ಸುಮಾರು 190 ಕಿಲೋಮೀಟರ್, ಮಂಜೂರಾಗಿ ಬಹಳ ಕಾಲವಾಯಿತು. ಧ್ರುವದ ಮೇಲೆ ನೇರ ದಾರಿ ಹಾಕಿದಷ್ಟು ಸುಲಭವಾಗಿ ಶಿರಾದ ಮೇಲೆ ನೇರ ದಾರಿ ಹಾಕಲು ಬರುವುದಿಲ್ಲ, ಇಲ್ಲಿ ಜಮೀನು ಬೇಕು, ಪರಿಹಾರ ಕೊಡಬೇಕು.

ಇನ್ನೊಂದು ದಾರಿಯೂ ಇದೆ. ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ನಮಗೆ ದೇವನಹಳ್ಳಿಗಿಂತ ಅದು ಎಷ್ಟೋ ಹತ್ತಿರ. ಅಮೆರಿಕಕ್ಕೆ ಹೋಗಲು ಮೊದಲು ಮಲೆನಾಡಿನ ಕಡೆಗೆ ಹೋಗಿ, ವಿಮಾನ ಹತ್ತಿ, ಬಿಟ್ಟು ಬಂದ ಊರಿನ ಕಡೆಗೇ ಹಾರಿ ಬೆಂಗಳೂರು ಸೇರುವ ಯೋಜನೆಯನ್ನು ನಾನು ಮುಂದಿಟ್ಟೆ. ದೊಡ್ಡಮ್ಮ ಒಪ್ಪಲಿಲ್ಲ. "ಹಿಂದಕ್ಕೆ ಹೋಗಿ ಮುಂದಕ್ಕೆ ಹೋಗೋ ಬುದ್ಧಿ ನಿನಗ್ಯಾರು ಕಲಿಸಿದ್ರು?" ಎಂದಳು. ದೆಹಲಿಯ ವಿಮಾನ 1,400 ಕಿಲೋಮೀಟರ್ ಹೆಚ್ಚು ಹಾರಿ ಎರಡು ಗಂಟೆ ಉಳಿಸಿದ ಕಥೆಯನ್ನು ಮತ್ತೆ ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಕೊನೆಗೆ ಕಾರಿನಲ್ಲೇ ಹೋದೆವು. ಅವಳು ಕ್ಷೇಮವಾಗಿ ತಲುಪಿದ ಸುದ್ದಿ ಬಂದ ಮೇಲೆ ಒಂದು ಹಾಳೆಯಲ್ಲಿ ಲೆಕ್ಕ ಬರೆದೆ. ಮನೆಯಿಂದ ದೇವನಹಳ್ಳಿಗೆ ಟೀ, ತಿಂಡಿ, ಟೋಲ್ ಸೇರಿ ಐದು ಗಂಟೆ. ಅಲ್ಲಿ ಮುಂಚೆ ಹೋಗಿ ಕಾಯ್ದದ್ದು ನಾಲ್ಕು. ದುಬೈಗೆ ನಾಲ್ಕು. ದುಬೈಯಲ್ಲಿ ಕೂತದ್ದು ನಾಲ್ಕು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹದಿನಾರು. ಇಳಿದು, ವಲಸೆ ಅಧಿಕಾರಿಗೆ ಉತ್ತರ ಕೊಟ್ಟು, ಪೆಟ್ಟಿಗೆ ಹುಡುಕಲು ಎರಡು. ಮಗನ ಮನೆಗೆ ಒಂದು. ಒಟ್ಟು ಮೂವತ್ತಾರು. ಇದರಲ್ಲಿ ಆಕಾಶದಲ್ಲಿ ಇದ್ದದ್ದು ಇಪ್ಪತ್ತು ಗಂಟೆ. ಉಳಿದ ಹದಿನಾರೂ ನೆಲದ ಮೇಲೆ. ಬಿ.ದುರ್ಗದಿಂದ ದೇವನಹಳ್ಳಿಯ ವಿಮಾನದ ಮೆಟ್ಟಿಲವರೆಗಿನ ನಮ್ಮ ತುಂಡು ಇಡೀ ದೂರದಲ್ಲಿ ನೂರಕ್ಕೆ ಎರಡು ಪಾಲೂ ಅಲ್ಲ, ಹೊತ್ತಿನಲ್ಲಿ ಸರಿಯಾಗಿ ಕಾಲು ಪಾಲು. ಕಂಪನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಹಾರಾಟದಲ್ಲಿ ಹತ್ತು ನಿಮಿಷ ಉಳಿಸುತ್ತವೆ. ಹಿರಿಯೂರು ದಾಟಿದ ಮೇಲೆ ಒಂದು ಲಾರಿ ಇನ್ನೊಂದನ್ನು ಹಿಂದೆ ಹಾಕಲು ಹೊರಟು ಅದನ್ನು ನುಂಗಿಹಾಕುತ್ತದೆ.

ಅಲ್ಲಿಗೆ ಹೋದ ಮೇಲೆ ದೊಡ್ಡಮ್ಮ ಒಂದು ಹೊಸ ಪ್ರಶ್ನೆ ಕಳಿಸಿದಳು. ಇದಕ್ಕಿಂತ ದೂರ ಹೋಗೋದಕ್ಕೆ ಆಗುತ್ತಾ? ಭೂಮಿಯ ಸುತ್ತಳತೆ 40,000 ಕಿಲೋಮೀಟರ್. ಆದ್ದರಿಂದ ಯಾರೇ ಆಗಲಿ ಯಾರಿಂದಲೂ 20,000 ಕಿಲೋಮೀಟರಿಗಿಂತ ದೂರ ಹೋಗಲಾರರು. ಅದನ್ನು ದಾಟಿ ಹೆಜ್ಜೆ ಇಟ್ಟರೆ ಮನೆಗೆ ವಾಪಸು ಬರುವ ದಾರಿಯೇ. ನಮ್ಮ ಚಿತ್ರದುರ್ಗ ಸೀಮೆಗೆ ಸರಿಯಾಗಿ ಆಚೆ ಬದಿಯ ಜಾಗ ಪೆರು ದೇಶದ ಪಶ್ಚಿಮಕ್ಕೆ ಪೆಸಿಫಿಕ್ ಸಾಗರದ ನಡುವೆ ಇದೆ. ಅಲ್ಲಿ ನೀರಲ್ಲದೆ ಏನೂ ಇಲ್ಲ, ಆದ್ದರಿಂದ ಅಲ್ಲಿ ಯಾವ ಇಂಜಿನಿಯರಿಗೂ ಕೆಲಸ ಸಿಗುವುದಿಲ್ಲ, ಯಾವ ತಾಯಿಯೂ ಅಲ್ಲಿಗೆ ಹೋಗಬೇಕಿಲ್ಲ. ಸದ್ಯ ಜಗತ್ತಿನ ಅತಿ ಉದ್ದದ ವಿಮಾನಯಾನ ಸಿಂಗಪುರದಿಂದ ನ್ಯೂಯಾರ್ಕಿಗೆ, 15,300 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು, ಹದಿನೆಂಟು ಗಂಟೆಗೂ ಮೇಲೆ. ಅದರ ಎದುರು ನಮ್ಮ ದೊಡ್ಡಮ್ಮನ ದುಬೈ ದಾರಿ ದೂರದಲ್ಲಿ ಕಡಿಮೆಯೇನಲ್ಲ.

ಮಕ್ಕಳನ್ನು ಹೊರದೇಶಕ್ಕೆ ಕಳಿಸಿರುವ, ಈಗ ಅವರ ಬಳಿಗೆ ಹೊರಟಿರುವ ಎಲ್ಲರಿಗೂ ನನ್ನದೊಂದು ಸಲಹೆ. ಟಿಕೆಟ್ಟಿನ ಮೇಲೆ ಅಚ್ಚಾಗಿರುವ ಗಂಟೆಯನ್ನು ನಂಬಬೇಡಿ, ಅದು ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ. ಹೊಸಿಲಿನಿಂದ ಹೊಸಿಲಿಗೆ ಎಣಿಸಿ. ಮಾತ್ರೆ, ಕನ್ನಡಕ, ಮಗನ ವಿಳಾಸ ಬರೆದ ಚೀಟಿ ಕೈಚೀಲದಲ್ಲಿರಲಿ. ಒಂಟಿಯಾಗಿ ಹೋಗುವ ಹಿರಿಯರಿಗೆ ಗಾಲಿಕುರ್ಚಿಯ ನೆರವು ಬೇಕೆಂದು ಟಿಕೆಟ್ ತೆಗೆಯುವಾಗಲೇ ಹೇಳಿಬಿಡಿ, ಅದಕ್ಕೆ ನಾಚಿಕೆ ಬೇಡ. ಬಿ.ದುರ್ಗದಿಂದ ಹೊರಡುವವರಾದರೆ ಇನ್ನೊಂದು ಮಾತು: ಹೊಳಲ್ಕೆರೆ ಬಸ್ಸನ್ನು ನಂಬಿ ವಿಮಾನ ಹಿಡಿಯಲು ಹೋಗಬೇಡಿ, ಹಿಂದಿನ ದಿನವೇ ಹೊರಡಿ.